ಅಮ್ಮ ಎಡಕ್ಕೆ ಹೂ ಕೊಟ್ಟ ದಿನ

ಕಳೆದ ವರ್ಷ ನವರಾತ್ರಿ ಮುಗಿದ ವಾರ, ಭಟ್ಕಳದ ಬಸ್ ನಿಲ್ದಾಣದಲ್ಲಿ ನನ್ನ ಯಜಮಾನರ ಹೃದಯ ನಿಂತುಹೋಯಿತು. ನಾನು ಪಕ್ಕದಲ್ಲೇ ಇದ್ದೆ. ಆಮೇಲೆ ನಡೆದದ್ದನ್ನು ಏನೂ ಸೇರಿಸದೆ, ಏನೂ ಬಿಡದೆ ಬರೆಯಬೇಕೆಂದು ಬಹಳ ದಿನ ಕಾದೆ.

ನಮ್ಮ ಮನೆ ಇರುವುದು ಭಟ್ಕಳ ಪೇಟೆಯ ಹೊರಗೆ. ಯಜಮಾನರು, ಗಣಪತಿ, ಹೊನ್ನಾವರದ ಒಂದು ಮರದ ಮಿಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ. ಅತ್ತೆಯೂ ನಾನೂ ಮನೆಯಂಗಳದ ಮಲ್ಲಿಗೆ ಕೊಯ್ದು, ಕಟ್ಟಿ ಪೇಟೆಗೆ ಕೊಡುತ್ತೇವೆ. ಆ ದಿನ ಕುಮಟಾದಲ್ಲಿ ನನ್ನ ತಮ್ಮನ ಮಗುವಿಗೆ ನಾಮಕರಣವಿತ್ತು. ಬಸ್ಸಿಗೆ ಕಾಯುತ್ತಿದ್ದಾಗ ಇವರು ಎದೆಯಲ್ಲಿ ಎಂತದೋ ಉರಿ ಎಂದರು. ಸೋಡಾ ಕುಡಿದು ಬರುತ್ತೇನೆಂದು ಎದ್ದವರು ಅಲ್ಲೇ ಕುಸಿದರು. ಉಸಿರು ಇರಲಿಲ್ಲ.

ಜನ ಸೇರಿದರು. ಮೂರ್ಛೆ ರೋಗವೆಂದು ಒಬ್ಬರು ಕೈಗೆ ಬೀಗದ ಕೈ ಗೊಂಚಲು ತುರುಕಿದರು. ಇನ್ನೊಬ್ಬರು ಬಾಯಿಗೆ ನೀರು ಬಿಡಲು ಬಾಗಿದರು. ಗಡ್ಡದ ಯುವಕರೊಬ್ಬರು ಅವರಿಬ್ಬರನ್ನೂ ಸರಿಸಿ, ಮೊಣಕಾಲೂರಿ, ಇವರ ಎದೆಯ ನಡುವೆ ಎರಡೂ ಕೈಯಿಟ್ಟು ಒತ್ತತೊಡಗಿದರು.

"ಅಕ್ಕ, ನೀವು ಆಂಬುಲೆನ್ಸಿಗೆ ಫೋನ್ ಮಾಡಿ. ಅದು ಬರೂ ತನಕ ನಾನು ನಿಲ್ಸೂದಿಲ್ಲ."

ನಿಲ್ಲಿಸಲಿಲ್ಲ. ಅವರ ಬೆವರು ಇವರ ಅಂಗಿಯ ಮೇಲೆ ತೊಟ್ಟಿಕ್ಕುತ್ತಿದ್ದುದು ಇಂದಿಗೂ ಕಣ್ಣಿಗೆ ಕಟ್ಟಿದೆ. ಅವರ ಹೆಸರು ಇಲಿಯಾಸ್, ಗಲ್ಫಿನಿಂದ ರಜೆಯಲ್ಲಿ ಊರಿಗೆ ಬಂದವರು. ಎದೆ ಒತ್ತುವುದನ್ನು ಅಲ್ಲಿನ ಕಂಪನಿಯಲ್ಲಿ ಕಲಿಸಿದ್ದರಂತೆ. ಇದೆಲ್ಲ ಆಮೇಲೆ ತಿಳಿದದ್ದು.

ಭಟ್ಕಳದ ಆಸ್ಪತ್ರೆಯಲ್ಲಿ ಶಾಕ್ ಕೊಟ್ಟ ಮೇಲೆ ಹೃದಯ ಮತ್ತೆ ಬಡಿಯಿತು. ಅಲ್ಲಿಂದ ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಕಟ್ಟಿಕೊಂಡಿದ್ದ ರಕ್ತನಾಳ ಬಿಡಿಸಿ ಸ್ಟೆಂಟ್ ಹಾಕಿದರು. ಗೆದ್ದೆವು ಎಂದುಕೊಂಡೆ. ಆಗ ಅಲ್ಲಿನ ವೈದ್ಯೆ ನನ್ನನ್ನು ಕೂರಿಸಿ ಬಿಡಿಸಿ ಹೇಳಿದರು. ಹೃದಯ ನಿಂತಿದ್ದಾಗ ಮಿದುಳಿಗೆ ರಕ್ತ ಸಾಕಾಗಿಲ್ಲ. ರಕ್ತ ತಿರುಗಿ ಬಂದ ಮೇಲೂ ಆ ಪೆಟ್ಟು ಬೆಳೆಯುತ್ತಾ ಹೋಗಬಹುದು, ಜ್ವರ ಬಂದರೆ ಇನ್ನೂ ಕಷ್ಟ. ಅದಕ್ಕಾಗಿ ಮೈಯನ್ನು ತಣ್ಣಗಿಡುತ್ತೇವೆ, ನಡುಕ ಬಾರದಂತೆ ಔಷಧ ಕೊಟ್ಟು ಮಲಗಿಸುತ್ತೇವೆ, ರಕ್ತದೊತ್ತಡ ಬೀಳದಂತೆ ನೋಡಿಕೊಳ್ಳುತ್ತೇವೆ. ಎಚ್ಚರವಾದಾಗ ಮೊದಲಿನಂತೆ ಇರುತ್ತಾರಾ ಎಂದು ಕೇಳಿದೆ. ಈಗ ಹೇಳಲಾರೆ ಎಂದರು. ಆಗ ಆ ಮಾತಿಗೆ ಸಿಟ್ಟು ಬಂದಿತ್ತು. ಸುಳ್ಳು ಧೈರ್ಯ ಕೊಡದ ಅವರ ಮೇಲೆ ಈಗ ಗೌರವವಿದೆ.

ಅಷ್ಟೂ ಮಾತು ನನ್ನ ಕಿವಿಗೆ ಬಿದ್ದಿತ್ತೇ ಹೊರತು ಮನಸ್ಸಿಗೆ ಇಳಿದಿರಲಿಲ್ಲ. ಮರುದಿನ ಬಂದ ಅತ್ತೆಗೆ ಏನನ್ನೂ ಹೇಳಲಾಗಲಿಲ್ಲ. ಒಳಗೆ ಹೋಗಿ ಮಗನ ಪಾದ ಮುಟ್ಟಿದ ಅವರು ಬೆಚ್ಚಿದರು. ನಮ್ಮಲ್ಲಿ ಮೈ ತಣ್ಣಗಾದವರಿಗೆ ಮೊದಲು ಮಾಡುವುದೇ ಅಂಗಾಲು ತಿಕ್ಕುವುದು. ಸೆರಗಿನಲ್ಲಿ ಕಟ್ಟಿ ತಂದಿದ್ದ ಶುಂಠಿ ಪುಡಿ ಬಿಚ್ಚಿ ತಿಕ್ಕಲು ಹೊರಟರು. ನರ್ಸ್ ಮೆಲ್ಲಗೆ ಅವರ ಕೈ ಹಿಡಿದುಕೊಂಡರು.

"ಬೇಡ ಅಜ್ಜಿ, ತಿಕ್ಕಬೇಡಿ. ಈಗ ಬಿಸಿ ಮಾಡ್ಲಿಕ್ಕಿಲ್ಲ."

ಮಗನ ಆಸೆ ಬಿಟ್ಟಿದ್ದಾರೆ, ಅದಕ್ಕೇ ಮುಟ್ಟಲೂ ಬಿಡುತ್ತಿಲ್ಲ ಎಂದೇ ಅತ್ತೆ ತಿಳಿದರು. ಹೊರಗೆ ಬಂದು ನನ್ನ ಫೋನಿನಿಂದ ಮೈದುನ ಮಂಜುನಾಥನಿಗೆ ಹೇಳಿದರು: ನಮ್ಮೂರ ದುರ್ಗಮ್ಮನಲ್ಲಿ ಪ್ರಸಾದ ಕೇಳು, ಇವತ್ತು ಸಂಜೆಯೊಳಗೆ ಗಣಪನ ಮೈ ಬಿಸಿಯಾಗುತ್ತದಾ ಎಂದು ಕೇಳು. ನಮ್ಮ ಗುಡಿಯಲ್ಲಿ ಭಟ್ಟರು ಹೂವಿನ ಎಸಳನ್ನು ನೀರಿನಲ್ಲಿ ಅದ್ದಿ ಅಮ್ಮನ ಮೂರ್ತಿಗೆ ಅಂಟಿಸುತ್ತಾರೆ. ಬಲಕ್ಕೆ ಬಿದ್ದರೆ ಆಗುತ್ತದೆ, ಎಡಕ್ಕೆ ಬಿದ್ದರೆ ಇಲ್ಲ.

ಮಧ್ಯಾಹ್ನ ಮಂಜುನಾಥ ಫೋನ್ ಮಾಡಿದ. ಎಡಕ್ಕೆ ಬಿತ್ತು ಅತ್ತಿಗೆ ಎಂದ.

ಅತ್ತೆ ಲಿಫ್ಟಿನ ಪಕ್ಕ ನೆಲದ ಮೇಲೆ ಕುಳಿತುಬಿಟ್ಟರು, ಅಳಲೂ ಇಲ್ಲ. ಅಮ್ಮ ನಮ್ಮ ಕೈಬಿಟ್ಟಳೆಂದು ನನಗೂ ಅನ್ನಿಸಿತು. ಅಷ್ಟರಲ್ಲಿ ವೈದ್ಯೆ ಹೊರಗೆ ಬಂದರು. ಅವರ ಮೈ ಯಾವಾಗ ಬಿಸಿಯಾಗುತ್ತದೆ ಎಂದು ಕೇಳಿದೆ.

"ಇವತ್ತು ಆಗಬಾರದು. ಬಿಸಿಯಾದರೆ ನಮಗೆ ಹೆದರಿಕೆ. ನಾಳೆಯಿಂದ ಸ್ವಲ್ಪಸ್ವಲ್ಪವೇ ಬಿಸಿಯೇರಲು ಬಿಡುತ್ತೇವೆ" ಎಂದರು.

ಹಿಂದಿನ ದಿನ ಕೇಳಿದ ಮಾತು ಆಗ ನನಗೆ ಅರ್ಥವಾಯಿತು. ಅತ್ತೆಯ ಪಕ್ಕ ಕುಳಿತು ನಮಗೆ ಗೊತ್ತಿರುವ ರೀತಿಯಲ್ಲಿ ಹೇಳಿದೆ. ಕೊಯ್ದ ಮೊಗ್ಗನ್ನು ನಾವು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪಿನಲ್ಲಿಡುತ್ತೇವೆ, ಬಿಸಿ ತಾಗಿದರೆ ಕಟ್ಟುವ ಮೊದಲೇ ಬಾಡುತ್ತದೆ. ಇವರ ತಲೆಯನ್ನು ಹಾಗೆ ತಂಪಿನಲ್ಲಿ ಕಾಯುತ್ತಿದ್ದಾರೆ. ಅತ್ತೆ ಶುಂಠಿ ಪುಡಿಯನ್ನು ಮತ್ತೆ ಸೆರಗಿನಲ್ಲಿ ಬಿಗಿಯಾಗಿ ಕಟ್ಟಿಕೊಂಡರು.

"ಹಂಗಾದ್ರೆ ಅಮ್ಮ ಸರೀನೇ ಹೇಳಿದ್ಳು ಮಗಾ. ಬಿಸಿ ಆಗೂದು ಬೇಡ ಅಂತ. ಕೇಳೂಕೆ ಬರದವ್ರು ನಾವು."

ಆ ಮಾತಿನಿಂದ ನನಗೆ ಮತ್ತೆ ನಿಲ್ಲುವ ಶಕ್ತಿ ಬಂತು. ಆದರೆ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಮೈ ನಿಧಾನವಾಗಿ ಸಹಜಕ್ಕೆ ಬಂತು, ಮಲಗಿಸುವ ಔಷಧ ನಿಲ್ಲಿಸಿದರು, ಇವರು ಕಣ್ಣು ತೆರೆಯಲಿಲ್ಲ. ಈಗಲೇ ತೀರ್ಮಾನಕ್ಕೆ ಬರುವುದಿಲ್ಲ, ಇನ್ನೂ ಕಾಯಬೇಕು ಎಂದರು ವೈದ್ಯೆ. ಆ ದಿನಗಳಲ್ಲಿ ನರ್ಸ್‌ಗಳು ಮಾಡಿದ ಸೇವೆಯನ್ನು ನಾನು ಗಾಜಿನಾಚೆಯಿಂದ ನೋಡಿದೆ. ಮಗ್ಗುಲು ಬದಲಿಸುವರು, ಮೈಬಿಸಿ ನೋಡುವರು, ರೆಪ್ಪೆ ಒರೆಸುವರು, ಉತ್ತರ ಕೊಡದ ಮನುಷ್ಯನನ್ನು ಪ್ರತಿ ಸಲವೂ ಹೆಸರು ಹಿಡಿದು ಮಾತಾಡಿಸುವರು. ಗರ್ಭಗುಡಿಯಲ್ಲಿ ಮಾತ್ರ ಕಾಣುವ ಶ್ರದ್ಧೆ ಅದು.

ಒಂದು ಬೆಳಿಗ್ಗೆ ನರ್ಸ್ ಕೈ ಹಿಡಿಯಿರಿ ಎಂದಾಗ ಇವರು ಹಿಡಿದರು. ಗಂಟಲಿನ ನಳಿಕೆ ತೆಗೆದ ಮೇಲೆ ಅತ್ತೆಯನ್ನು ಒಳಗೆ ಬಿಟ್ಟರು. ಇವರು ತಾಯಿಯನ್ನು ನೋಡಿ ಒಡೆದ ದನಿಯಲ್ಲಿ ಕೇಳಿದರು:

"ನೀ ಎಂತಕ್ಕೆ ಬಂದದ್ದು? ಮನೇಲಿ ಎಮ್ಮೆ ಹಾಲು ಕರಿಯೂರು ಯಾರು?"

ಅತ್ತೆ ನನ್ನ ಕಡೆ ತಿರುಗಿ, "ಎಮ್ಮೆ ನೆನಪದೆ ಅಂದ್ರೆ ತಲೆ ಸಮ ಅದೆ" ಎಂದರು. ನರ್ಸ್ ಕೂಡ ನಕ್ಕರು. ಅತ್ತೆ ಅತ್ತದ್ದು ಆಗ.

ಬಸ್ ನಿಲ್ದಾಣದಲ್ಲಿ ಕುಸಿದ ಆ ದಿನದ ಒಂದು ಸಂಗತಿಯೂ ಇವರಿಗೆ ನೆನಪಿಲ್ಲ. ಕೆಲವರ ಹೆಸರಿಗೆ ಇಂದಿಗೂ ತಡವರಿಸುತ್ತಾರೆ. ಇದನ್ನು ಮುಚ್ಚಿಟ್ಟರೆ ಅಮ್ಮನಿಗೆ ಮೆಚ್ಚಿಗೆಯಾಗದು. ಇಲಿಯಾಸರ ಕೈಯಲ್ಲಿ, ವೈದ್ಯೆಯ ವಿದ್ಯೆಯಲ್ಲಿ, ನರ್ಸ್‌ಗಳ ತಾಳ್ಮೆಯಲ್ಲಿ ನಮ್ಮನ್ನು ಕಾಪಾಡಿದವಳು ಅವಳೇ. ನಾವು ಬೇಡಿದ್ದನ್ನು ಬೇಡವೆಂದದ್ದೂ ಅವಳ ಕೃಪೆಯೇ ಎಂದು ಭಕ್ತಬಂಧುಗಳ ಮುಂದೆ ನಂಬಿ ಬರೆಯುತ್ತಿದ್ದೇನೆ.

ವೈದ್ಯೆ ಒಪ್ಪಿದ ಮೇಲೆ ಇವರನ್ನು ದುರ್ಗಮ್ಮನ ಗುಡಿಗೆ ಕರೆದುಕೊಂಡು ಹೋದೆವು. ಭಟ್ಟರು ಹೂವಿನ ತಟ್ಟೆ ಎತ್ತಿಕೊಂಡು, ಇವತ್ತು ಎಂತ ಕೇಳುವುದು ಎಂದರು. ಅತ್ತೆ ಮಗನನ್ನು ಹೊಸಿಲ ಹತ್ತಿರಕ್ಕೆ ಸರಿಸಿದರು.

"ಕೇಳೂಕೆ ಎಂತ ಇಲ್ಲ ಭಟ್ರೇ. ಅವಳಿಗೆ ಇವನ್ನ ತೋರ್ಸೂಕೆ ಬಂದದ್ದು."