ಪಂಕ್ತಿಯಲ್ಲಿ ಒಂದು ಕುರ್ಚಿ

ಚಹಾ ಒಲೆಯ ಮೇಲಿಟ್ಟು, ಅದು ಕುದಿಯುವಷ್ಟರಲ್ಲಿ ನಮ್ಮನೆಯವರ ಕಾಲುಗಳನ್ನು ಮುಟ್ಟಿ ನೋಡಿ ಬರುವುದು ಆ ವರ್ಷಗಳಲ್ಲಿ ನನ್ನ ದಿನದ ಮೊದಲ ಕೆಲಸ. ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ. ಮಕ್ಕಳಿಗೆ ಜ್ವರ ಬಂದಾಗ ನೋಡುತ್ತೇವಲ್ಲ, ಹಾಗೆ. ಹೊದಿಕೆ ಸರಿಸಿ ಮೊದಲು ಪಾದ, ಆಮೇಲೆ ಮೀನಖಂಡ, ಮೊಣಕಾಲು, ತೊಡೆ. ಒಂದು ಕಾಲು ಇನ್ನೊಂದಕ್ಕಿಂತ ಬಿಸಿಯಿದೆಯೇ, ಬಾತಿದೆಯೇ, ಕೆಂಪೇರಿದೆಯೇ ಎಂದು ನೋಡಬೇಕು. ಸೊಂಟದಿಂದ ಕೆಳಗೆ ಅವರಿಗೆ ಏನೂ ತಿಳಿಯುತ್ತಿರಲಿಲ್ಲ. ಅವರ ಕಾಲಿನ ನೋವನ್ನು ನಾನೇ ಕೈಯಿಂದ ಹುಡುಕಬೇಕಿತ್ತು.

"ಏನಂತಾವ ನಿನ್ನ ಕಾಲು?" ಎಂದು ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದರು.

"ನನ್ನ ಕಾಲು ಯಾಕಾಕ್ಕಾವ್ರಿ, ನಿಮ್ಮವು."

"ನನ್ನ ಮಾತು ಒಂದಾರ ಕೇಳ್ತಾವೇನು ಅವು? ದಿನಾ ಜ್ವಾಪಾನ ಮಾಡಾಕಿ ನೀ. ನಿನ್ನವಽ."

ಅವರು ಪೇಂಟರ್. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಹುಬ್ಬಳ್ಳಿಯ ಗೋಡೆಗಳ ಮೇಲಿದ್ದ ಎಷ್ಟೋ ಸಿಮೆಂಟಿನ, ಬನಿಯನ್ನಿನ ಜಾಹೀರಾತುಗಳು ಅವರ ಕೈಯವು. ಒಂದು ಮಧ್ಯಾಹ್ನ ಬಿದಿರಿನ ಅಟ್ಟಣಿಗೆಯ ಹಗ್ಗ ಕಳಚಿ, ಬೆನ್ನಡಿಯಾಗಿ ಬಿದ್ದರು. ಬೆನ್ನುಹುರಿಗೆ ಪೆಟ್ಟಾಯಿತು. ಆಸ್ಪತ್ರೆಯಿಂದ ಕಮರಿಪೇಟೆಯ ನಮ್ಮ ಎರಡು ಕೋಣೆಯ ಮನೆಗೆ ಬಂದ ಮೇಲೆ ಗಾಲಿಕುರ್ಚಿಯ ಕೈಗಳ ಮೇಲೆ ಅಡ್ಡ ಹಲಗೆ ಇಟ್ಟುಕೊಂಡು ಸ್ಕೂಟರಿನ ನಂಬರ್ ಪ್ಲೇಟು ಬರೆಯತೊಡಗಿದರು. ಮನೆಯೆಲ್ಲ ಟರ್ಪೆಂಟೈನ್ ವಾಸನೆ. ಮಗಳ ಹಾಲಿಗೂ ಆ ವಾಸನೆ ಹತ್ತುತ್ತದೆಂದು ನಾನು ಗೊಣಗುತ್ತಿದ್ದೆ.

ಬಿದ್ದ ಕೆಲವು ವರ್ಷಗಳ ಮೇಲೆ ಬಲಗಾಲು ಮೊಣಕಾಲಿನ ಕೆಳಗೆ ಬಾತಿತು. ಸುಳ್ಳ ಎಂಬ ಹಳ್ಳಿಯಿಂದ ಬಂದಿದ್ದ ನೆಗೆಣ್ಣಿ, ಅಂದರೆ ನಮ್ಮನೆಯವರ ಅಣ್ಣನ ಹೆಂಡತಿ, "ವಾಯು ಆಗಿರಬೇಕು" ಎಂದು ಅರಿಶಿನ ಸುಣ್ಣ ಹಚ್ಚಿದಳು. ಇಳಿಯಲಿಲ್ಲ. ಎಕ್ಸರೇ ಫೋಟೋ ತೆಗೆಸಿದರೆ ಎಲುಬು ಮುರಿದಿತ್ತು! ಯಾವಾಗ ಮುರಿಯಿತೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಕಾಲಿನ ಯಜಮಾನರಿಗೂ ಗೊತ್ತಿಲ್ಲ. ಎಲುಬಿನ ಡಾಕ್ಟರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಹತ್ತಿರ ಕರೆದರು. ಒಳ್ಳೆಯ ಎಲುಬು ಬೆಳ್ಳಗೆ ಕಾಣುತ್ತದಂತೆ. ಇದು ಬೂದಿಯ ಬಣ್ಣಕ್ಕಿತ್ತು.

"ಮೈ ಭಾರ ಬಿದ್ರನಽ ಎಲುಬು ಗಟ್ಟಿ ಇರ್ತದ್ರಿ ಬಾಯಾರ. ನಿಲ್ಲಲಿಲ್ಲಾ, ನಡೀಲಿಲ್ಲಾ ಅಂದ್ರ ಒಳಗಿನ ಸುಣ್ಣಾ ಕರಗತದ. ಕೈ ಎಲುಬು ಛಲೋ ಅದಾವ, ಕಾಲಿಂದು ಹಪ್ಪಳ ಆಗೇದ."

"ಹಂಗಾರ ಮತ್ತ ಮುರೀತದೇನ್ರಿ? ಯಾವಾಗ?" ಎಂದೆ.

ಡಾಕ್ಟರು, ಇವರು ಬಿದ್ದು ಎಷ್ಟು ವರ್ಷವಾಯಿತು, ಬೀಡಿ ಸೇದುತ್ತಾರೆಯೇ, ಮನೆತನದಲ್ಲಿ ಯಾರಿಗಾದರೂ ಮುಪ್ಪಿನಲ್ಲಿ ಎಲುಬು ಮುರಿದದ್ದಿದೆಯೇ ಎಂದು ಕೇಳಿದರು. ಬೀಡಿ ಇತ್ತು. ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ತೊಡೆ ಮುರಿದುಕೊಂಡು ಮಲಗಿದವರು ಮತ್ತೆ ಏಳಲಿಲ್ಲ. ಎಲ್ಲಕ್ಕೂ ನಾನು ಹೂಂ ಹೂಂ ಎನ್ನುತ್ತಿದ್ದಂತೆ ಡಾಕ್ಟರ ಮುಖ ಸಣ್ಣದಾಯಿತು.

"ಒಮ್ಮೆ ಮುರದೇದ ಅಂದ್ರ ಮತ್ತ ಮುರಿಯೂ ಸಂಭವ ಭಾಳ ಅದ. ಅಷ್ಟು ಖರೇ. ಯಾವ ದಿನಾ, ಯಾವ ಕೆಲಸದಾಗ, ಅದನ್ನ ಹೇಳ್ಲಿಕ್ಕೆ ನನಗ ಬರೂದಿಲ್ಲ. ಕಾಲು ತಿರುವೂದಕ್ಕ ಅಂಜರಿ. ಚಕ್ಕಳಮಕ್ಕಳ ಕೂಡಸಬ್ಯಾಡ್ರಿ."

"ಅಂದ್ರ ರೇಡಿಯೋದಾಗ ಮಳಿ ಸುದ್ದಿ ಹೇಳಿದಂಗ ಆತಲ್ರಿ" ಎಂದರು ನಮ್ಮನೆಯವರು. "ಬಂದರೂ ಬರಬಹುದು, ಬರದನಽ ಇರಬಹುದು."

ಡಾಕ್ಟರು ನಕ್ಕರು. ನನಗೆ ನಗಲು ಆಗಲಿಲ್ಲ. ಕೈಯ ಹಿಂಬದಿಯಿಂದ ಮುಟ್ಟಿ ನೋಡುವುದನ್ನು ಅವತ್ತು ಅವರೇ ಕಲಿಸಿಕೊಟ್ಟರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಚಳಿಗಾಲ ನಮ್ಮನೆಯವರು ಎಳ್ಳಮಾಸಿಗೆ ಸುಳ್ಳಕ್ಕೆ ಹೋಗಬೇಕೆಂದು ಹಟ ಹಿಡಿದರು. ಅದು ಅವರು ಹುಟ್ಟಿದ ಊರು, ಅಣ್ಣ ಅಲ್ಲೇ ಬೇಸಾಯ ಮಾಡುತ್ತಿದ್ದರು. ಎಳ್ಳು ಅಮಾವಾಸ್ಯೆಯ ಆ ದಿನ ನಮ್ಮ ಕಡೆ ಹೊಲಕ್ಕೇ ಬುತ್ತಿ ಒಯ್ಯುತ್ತೇವೆ. ಬನ್ನಿಯ ಬುಡದಲ್ಲಿ ಐದು ಕಲ್ಲಿಗೆ ಪೂಜೆ ಮಾಡಿ, ಬೆಳೆಗೆಲ್ಲ ಭೂತಾಯಿಯ ಪಾಲೆಂದು ಅಡಿಗೆಯ ಚರಗ ಚೆಲ್ಲಿ, ಆಮೇಲೆ ಎರಿಯ ಕಪ್ಪು ಮಣ್ಣಿನ ಮೇಲೆ ಸಾಲಾಗಿ ಕೂತು ಉಣ್ಣುವುದು. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಆ ಪಂಕ್ತಿಗೆ ಒಂದು ಕಟ್ಟು. ಕೊನೆಯವರ ಊಟ ಮುಗಿಯುವ ತನಕ ಯಾರೂ ಏಳುವಂತಿಲ್ಲ. ಮನೆಯ ಹಿರಿಯರು ಸಾಲಿನ ಮೇಲೆ ಕಣ್ಣು ಹಾಯಿಸಿ "ಆತೇನ್ರಿ ಎಲ್ಲಾರ್ದೂ?" ಎಂದು ಕೇಳಿದ ಮೇಲೆಯೇ ಏಳಬೇಕು. ಮಾವನವರು ಹೋದ ಮೇಲೆ ಹಾಗೆ ಕೇಳುವವರು ಇವರ ಅಣ್ಣ, ನಮ್ಮ ಭಾವನವರು.

"ಒಂದಽ ಸಲ. ಅಣ್ಣನ ಬಾಜೂಕ, ನೆಲದ ಮ್ಯಾಲೆ" ಎಂದರು ನಮ್ಮನೆಯವರು.

ಡಾಕ್ಟರನ್ನು ಕೇಳಿದೆ. ಹೋಗಲಿ, ಆದರೆ ಟ್ರ್ಯಾಕ್ಟರ್ ಬೇಡ, ನೆಲಕ್ಕೆ ಕೂಡುವುದಂತೂ ಬೇಡವೇ ಬೇಡ, ಕುರ್ಚಿಯಲ್ಲೇ ಇರಲಿ ಎಂದರು. ಅದನ್ನು ನಮ್ಮನೆಯವರಿಗೆ ತಿಳಿಸಿದಾಗ ಬಹಳ ಹೊತ್ತು ಬ್ರಷ್ ತೊಳೆಯುತ್ತ ಕೂತರು. ಆಮೇಲೆ "ಆತು, ಕುರ್ಚಿಯಽ" ಎಂದರು.

ಬಾಡಿಗೆಯ ಟೆಂಪೋದಲ್ಲಿ ಹಾಸಿಗೆ ಹಾಸಿ, ಕಾಲುಗಳ ಎರಡೂ ಬದಿಗೆ ದಿಂಬು ಕೊಟ್ಟು ಒಯ್ದೆ. ಹೊಲದ ಎರಿಯಲ್ಲಿ ಕುರ್ಚಿಯ ಗಾಲಿ ಉರುಳಲಿಲ್ಲ. ಭಾವನವರೂ ಇನ್ನಿಬ್ಬರೂ ಕುರ್ಚಿ ಸಮೇತ ಎತ್ತಿಕೊಂಡು ಹೋದರು.

"ನಮ್ಮ ಮೈದುನಂದು ಪಲ್ಲಕ್ಕಿ ಬಂತು, ದಾರಿ ಬಿಡ್ರಿ" ಎಂದಳು ನೆಗೆಣ್ಣಿ.

"ಆರತಿ ಎಲ್ಲೈತಿ ಹಂಗಾರ?" ಎಂದು ಇವರು ಕೇಳಿದ್ದಕ್ಕೆ ಎಲ್ಲರೂ ನಕ್ಕರು.

ಊಟಕ್ಕೆ ಕುರ್ಚಿಯನ್ನು ಪಂಕ್ತಿಯ ತುದಿಗೆ ಇಟ್ಟೆವು. ನಂಬರ್ ಪ್ಲೇಟಿನ ಹಲಗೆಯ ಮೇಲೆ ತಾಟು. ಇವರು ಜೋಳದ ತೆನೆಗಳ ಮಟ್ಟಕ್ಕೆ, ಉಳಿದವರೆಲ್ಲ ಕೆಳಗೆ. ನಾನು ಬಡಿಸುತ್ತಿದ್ದೆ. ಇವರು ಪ್ರತಿ ತುತ್ತಿಗೂ ಹೊಲದ ಕಡೆ ನೋಡಿ ನೋಡಿ ಉಣ್ಣುತ್ತಿದ್ದರು. ಅಷ್ಟರಲ್ಲಿ ಭಾವನವರು ಕೂತವರ ತಾಟುಗಳ ಮೇಲೆ ಕಣ್ಣು ಹಾಯಿಸಿ "ಆತೇನ್ರಿ ಎಲ್ಲಾರ್ದೂ?" ಎಂದು ಎದ್ದರು. ಸಾಲಿಗೆ ಸಾಲೇ ಎದ್ದಿತು. ಇವರ ಕೈಯಲ್ಲಿ ಅರ್ಧ ರೊಟ್ಟಿ ಇತ್ತು. ಅದನ್ನು ಮೆಲ್ಲಗೆ ತಾಟಿನಲ್ಲಿಟ್ಟರು.

"ಉಣ್ರಿ ನೀವು, ಇನ್ನೂ ಹೋಳಿಗಿ ಹಾಕಿಲ್ಲ" ಎಂದೆ.

"ನಂದೂ ಆತು."

ವಾಪಸು ಬರುವಾಗ ಟೆಂಪೋದಲ್ಲಿ ಎರಡು ಸಲ ಕಾಲು ಮುಟ್ಟಿ ನೋಡಿದೆ.

"ಏನಂತಾವ?"

"ತಣ್ಣಗ ಅದಾವ್ರಿ. ಏನೂ ಆಗಿಲ್ಲ."

"ಅಣ್ಣಂದೇನೂ ತಪ್ಪಿಲ್ಲ ಬಿಡು. ಅಂವಾ ಸಾಲು ನೋಡಿದಾ. ನಾ ಸಾಲಿನಾಗ ಇರಲಿಲ್ಲ."

ಸಂಕ್ರಾಂತಿಗೆ ಇನ್ನೂ ಕೆಲವು ದಿನಗಳಿದ್ದವು. ನಾನು ಮೊರದಲ್ಲಿ ಎಳ್ಳು ಹಸನು ಮಾಡುತ್ತ ಕೂತಿದ್ದೆ. ಇವರು ಮಂಚದ ಮೇಲೆ ಪ್ಯಾಂಟು ಹಾಕಿಕೊಳ್ಳುತ್ತಿದ್ದರು. ದಿನವೂ ಮಾಡಿದಂತೆಯೇ ಬಲಪಾದವನ್ನು ಕೈಯಿಂದ ಎತ್ತಿ ಎಡಗಾಲಿನ ಮೇಲೆ ಇಟ್ಟುಕೊಂಡರು. ಒಣಗಿದ ಜೋಳದ ದಂಟು ಮುರಿದಂಥ ಸಪ್ಪಳ ಬಂತು. ಮೊರ ಕೆಳಗಿಟ್ಟು ನೋಡಿದೆ. ಅವರೂ ನನ್ನನ್ನೇ ನೋಡುತ್ತಿದ್ದರು.

"ಏನಾತದು?" ಎಂದರು, ಪಕ್ಕದ ಮನೆಯಲ್ಲಿ ಏನೋ ಬಿದ್ದಂತೆ.

ಮುರಿದದ್ದು ಮೊಣಕಾಲಿನ ಮೇಲಿನ ತೊಡೆಯ ಎಲುಬು. ಆಸ್ಪತ್ರೆಯಲ್ಲಿ ಡಾಕ್ಟರು ಫೋಟೋವನ್ನು ಮತ್ತೆ ಕಿಟಕಿಗೆ ಹಿಡಿದು ನೋಡಿದರು.

"ಹೊಲದಾಗ ಮುರೀತದ ಅಂತ ನೀವು ಅಂಜಿದ್ರಿ, ಪ್ಯಾಂಟಿನಾಗ ಮುರೀತಲ್ರಿ" ಎಂದರು ಇವರು.

"ಖರೇ ಅದ್ರೀ. ನಾ ಹೇಳಿದ್ದಿಲ್ಲೇನು, ಯಾವ ಕೆಲಸದಾಗ ಅನ್ನೂದು ತಿಳಿಯೂದಿಲ್ಲಂತ." ಅವರ ದನಿಯೂ ಇಳಿದಿತ್ತು.

"ಹಂಗಾರ ನೆಲದ ಮ್ಯಾಲೆ ಕುಂತಽ ಉಣ್ಣಬಹುದಿತ್ತು."

ಡಾಕ್ಟರು ಫೋಟೋವನ್ನು ಲಕೋಟೆಗೆ ಹಾಕಿದರು.

ಗಟ್ಟಿ ಪ್ಲಾಸ್ಟರ್ ಹಾಕಿದರೆ ಒಳಗೆ ಚರ್ಮ ಹುಣ್ಣಾದದ್ದು ತಿಳಿಯುವುದಿಲ್ಲವೆಂದು, ಅರಳೆ ಸುತ್ತಿ ಪಟ್ಟಿ ಕಟ್ಟಿ ಕಳಿಸಿದರು. ಕಾಲನ್ನು ನೆಟ್ಟಗೆ ಚಾಚಿಯೇ ಇಡಬೇಕು, ಕುರ್ಚಿ ಬಂದ್. ನಮ್ಮ ಮಂಚ ಗಿಡ್ಡ. ಹೊರಕೋಣೆಯ ನೆಲದ ಮೇಲೆ ಹಾಸಿಗೆ ಹಾಕಿದೆ. ಆ ಎಲುಬು ನೆಟ್ಟಗೆ ಕೂಡಲೇ ಇಲ್ಲ. ಮಲಗಿ ಮಲಗಿ ಬೆನ್ನಿಗೆ ಹುಣ್ಣಾಗಿ, ಜ್ವರ ಹತ್ತಿ, ಮುಂದಿನ ಎಳ್ಳಮಾಸಿಗೆ ಅವರಿರಲಿಲ್ಲ. ಟರ್ಪೆಂಟೈನ್ ವಾಸನೆ ಮಾತ್ರ ಗೋಡೆಯಲ್ಲಿ ಬಹಳ ದಿನ ಇತ್ತು.

ಆದರೆ ನಾನು ಹೇಳಬೇಕೆಂದಿದ್ದದ್ದು ಅದಕ್ಕಿಂತ ಮುಂಚಿನ ಮಾತು. ಸಂಕ್ರಾಂತಿಯ ಮರುದಿನ ಭಾವನವರು ನೆಗೆಣ್ಣಿಯನ್ನು ಕರೆದುಕೊಂಡು ನೋಡಲು ಬಂದರು. ಮಧ್ಯಾಹ್ನ ಊಟಕ್ಕೆ ಇವರ ಹಾಸಿಗೆಯ ಒಂದು ಬದಿಗೆ ಭಾವನವರು, ಇನ್ನೊಂದು ಬದಿಗೆ ನೆಗೆಣ್ಣಿ, ಆಚೆಗೆ ನನ್ನ ಮಗಳು ಕೂತರು. ಮಲಗಿದವರಿಗೆ ನಾನು ತುತ್ತು ಕೊಡುತ್ತಿದ್ದೆ. ಮಲಗಿ ನುಂಗುವುದು ತಡ, ಒಂದು ತುತ್ತು ಇಳಿಯುವ ತನಕ ಕಾಯಬೇಕು. ಉಳಿದವರದೆಲ್ಲ ಮುಗಿಯಿತು. ಭಾವನವರು ರೂಢಿಯಂತೆ ಕಣ್ಣು ಹಾಯಿಸಿದರು. "ಆತೇನ್ರಿ" ಎನ್ನುತ್ತಿದ್ದವರು ತಮ್ಮನ ತಾಟಿನ ಮೇಲೆ ಕಣ್ಣು ಬಿದ್ದದ್ದೇ ಮಾತು ನಿಲ್ಲಿಸಿದರು. ಎಂಜಲ ಕೈ ಮೊಣಕಾಲಿನ ಮೇಲಿಟ್ಟುಕೊಂಡು ಹಾಗೇ ಕೂತರು.

"ಏಳಪಾ ಅಣ್ಣಾ. ಕೈ ಒಣಗಿತು" ಎಂದರು ಇವರು.

"ಒಣಗಲಿ. ನೀ ಉಣ್ಣು."

ಇವರು ನನ್ನ ಕಡೆ ತಿರುಗಿ "ಇನ್ನೊಂದೀಟ ಅನ್ನಾ ಹಾಕು" ಎಂದರು. ಆ ದಿನಗಳಲ್ಲಿ ಅವರಿಗೆ ಹಸಿವೆಂಬುದು ಇರಲಿಲ್ಲ, ಅರ್ಧ ರೊಟ್ಟಿ ಹೋದರೆ ಹೆಚ್ಚು. ಹಾಕಿದೆ. ಮೆಲ್ಲಗೆ, ಒಂದೊಂದೇ ತುತ್ತು ಅಗಿದು ಅಗಿದು ಉಂಡರು. ಯಾರೂ ಏಳಲಿಲ್ಲ.