ಮೂರು ದಿನ ಹೇಳಿದ ಕಾಲುನೋವು

ಸೋಮವಾರ, ಬೆಳಗ್ಗೆ ಆರು ಗಂಟೆ, ಹಾನಗಲ್ಲಿನ ನಮ್ಮ ಅಡುಗೆಮನೆ. ಮಗ ಬಸವರಾಜ, ಎಂಟು ತಿಂಗಳ ಬಸುರಿ ಸೊಸೆ ಗಿರಿಜಾ, ನಾನು. ಮೊಮ್ಮಗ ಇನ್ನೂ ಎದ್ದಿರಲಿಲ್ಲ; ಮೂವರೇ ಇದ್ದಾಗ ಹೇಳಿದೆ — ಮೊದಲ ಬಾಣಂತನದಲ್ಲಿ ಗಿರಿಜಾ ಕಾಲುನೋವು ಮುಚ್ಚಿಡಲಿಲ್ಲ. ಮೂರು ದಿನ ನನಗೆ ಹೇಳಿದ್ದಳು. ಹೇಳಲಿಲ್ಲ ಎಂದು ಡಾಕ್ಟರ ಮುಂದೆ ಸುಳ್ಳಾಡಿದವಳು ನಾನು.

ಇಷ್ಟು ಹೇಳಲು ಒಂಬತ್ತು ವರ್ಷ ಬೇಕಾಯಿತು.

ಶಿಗ್ಗಾವಿಯಲ್ಲಿ ಹುಡುಗಿಯರ ವಸತಿನಿಲಯ ನೋಡಿಕೊಂಡು, ಊಟಕ್ಕೂ ನಿದ್ದೆಗೂ ಗಂಟೆ ಹೊಡೆದು ಬದುಕಿದವಳು ನಾನು. ಗಿರಿಜಾಗೆ ತಾಯಿ ಇರಲಿಲ್ಲ. ಮೊದಲ ಬಾಣಂತನವೂ ನನ್ನ ಕೈಗೇ ಬಂತು. ದಿನಕ್ಕೆ ಎರಡೇ ಲೋಟ ನೀರು — ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದಂತೆ. ಹೊರಸಿನಿಂದ ಇಳಿಯುವುದು ಬಚ್ಚಲಿಗೆ ಮಾತ್ರ. ಕಿಟಕಿ ಮುಚ್ಚಿ, ಹೊರಸಿನ ಕೆಳಗೆ ಕೆಂಡ. ನನ್ನ ಅತ್ತೆಗಿಂತ ಅಚ್ಚುಕಟ್ಟಾಗಿ ಮಾಡುತ್ತಿದ್ದೇನೆಂಬ ಹೆಮ್ಮೆ ಬೇರೆ.

ಎಂಟನೆಯ ದಿನ ಅವಳು ಅಂದಳು, "ಅತ್ತಿ, ಎಡಗಾಲಿನ ಮೀನಖಂಡ ಬಾತೈತ್ರಿ. ಮುಟ್ಟಾಕ ಆಗವಲ್ದು."

"ನೀ ಒಬ್ಬಾಕೀನ ಹಡದೀಯೇನು? ಸುಮ್ನ ಮಕ್ಕೋ."

ಮರುದಿನವೂ ಹೇಳಿದಳು. ಅದರ ಮರುದಿನ ನಾನೇ ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿದೆ. ಆ ಮಧ್ಯಾಹ್ನ ಬಚ್ಚಲಿಗೆಂದು ಎದ್ದವಳು ಎದೆ ಹಿಡಿದು ಕುಸಿದಳು. ಏದುಸಿರು, ತಣ್ಣಗಾದ ಕೈ, ನಾಡಿ ಸಿಕ್ಕೂ ಸಿಗದಂತೆ —

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು ವಿವರಿಸಿದರು. ಓಡಾಟವಿಲ್ಲದೆ, ನೀರು ಸಾಲದೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ. ಆ ಹೆಪ್ಪಿನ ತುಂಡು ಕಳಚಿ ಶ್ವಾಸಕೋಶದ ದಾರಿ ಕಟ್ಟಿದೆ. ಅದಕ್ಕೇ ರಕ್ತದೊತ್ತಡ ಬಿದ್ದಿದೆ. ಆಮೇಲೆ ಕೇಳಿದರು, "ಕಾಲುನೋವಂತ ಮೊದಲ ಹೇಳಿರಲಿಲ್ಲೇನ್ರಿ?"

"ಅಕಿ ಏನೂ ಹೇಳಲೇ ಇಲ್ರಿ," ಅಂದೆ.

ಮೂಗು ಬಾಯಿಗೆ ಆಮ್ಲಜನಕ ಹಾಕಿಸಿಕೊಂಡು ಮಲಗಿದ್ದ ಗಿರಿಜಾ ನನ್ನತ್ತ ನೋಡಿದಳು. ಕೇಳಿಸಿತ್ತು.

ಬದುಕಿ ಬಂದಳು. ಆದರೆ ತಪ್ಪು ಅವಳಿಗೇ ಅಂಟಿತು. "ಬಾಯಿ ಇರಲಿಲ್ಲೇನು ನಿನಗ?" ಎಂದು ಬಸವರಾಜ ಎಷ್ಟು ಸಲ ಅಂದನೋ. ನಾನು ರೊಟ್ಟಿ ಬಡಿಯುತ್ತ ಕೇಳಿಸಿಕೊಂಡೆ. ನಿನ್ನೆಯೂ ಅಂದ, "ಈ ಸಲರ ಮುಚ್ಚಿಡಬ್ಯಾಡ." ಅವಳು ತಲೆಯಾಡಿಸಿದಳು. ಈ ಸಲ ನೋವಾದರೆ ಅವಳು ಹೇಳಬೇಕಾದದ್ದು ನನಗೇ. ನಾನು ನಂಬುತ್ತೇನೆಂದು ಅವಳಿಗೆ ಹೇಗೆ —

ಇವತ್ತು ಬೆಳಗ್ಗೆ ನನ್ನ ಮಾತು ಕೇಳಿ ಬಸವರಾಜ ಹೆಂಡತಿಯತ್ತ ತಿರುಗಿದ. ಅವಳನ್ನೇ ಕೇಳಿದ, "ನೀ ಯಾಕ ನನಗ ಹೇಳಲಿಲ್ಲ?"

"ಹೇಳಿದ್ದರ, ಅವ್ವನ ಮಾತು ಬಿಟ್ಟು ನನ್ನ ಮಾತು ನಂಬತಿದ್ರೇನು?"

ಅವನು ಎದ್ದು ಅವಳ ಆಸ್ಪತ್ರೆಯ ಚೀಟಿಗಳನ್ನು ಚೀಲಕ್ಕೆ ಹಾಕಿದ.

ಹತ್ತು ಗಂಟೆಗೆ ಹುಬ್ಬಳ್ಳಿಯಲ್ಲಿ ತಪಾಸಣೆ. ಡಾಕ್ಟರಿಗೂ ಎಲ್ಲ ಹೇಳಿದೆ, ತಿಕ್ಕಿದ್ದನ್ನೂ. ಅದರಿಂದಲೇ ತುಂಡು ಕಳಚಿತೋ ಏನೋ ಹೇಳಲಾಗದು, ಆದರೆ ಹಾಗೆ ಬಾತ ಕಾಲನ್ನು ತಿಕ್ಕಲೇಬಾರದು ಎಂದರು. ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್ ಹೆರಿಗೆಯ ನಂತರವೂ ಇರುತ್ತದೆ. ಬೇಕಾದಷ್ಟು ನೀರು, ಬೇಗ ಎದ್ದು ನಡಿಗೆ. ಹೊಟ್ಟೆಯ ಕೂಸು ಚೆನ್ನಾಗಿದೆ.

ಬರುವಾಗ ತಡಸದಲ್ಲಿ ಚಹಾಕ್ಕೆ ನಿಂತೆವು. ಗಿರಿಜಾ ಅಂದಳು, "ಈ ಸಲ ನಡ್ಯಾಕೂ ಗಂಟಿ ಹೊಡೀತೀರೇನ್ರಿ, ಅತ್ತಿ?"

"ಹೊಡೀತೇನಿ. ತಡಾ ಮಾಡಿದ್ರ ಬೈತೇನಿ."

ನಕ್ಕಳು. ಅದನ್ನು ಕ್ಷಮೆ ಎಂದು ನಾನು ತಿಳಿಯುವುದಿಲ್ಲ — ಅದು ಅವಳಿಗೆ ಬಿಟ್ಟದ್ದು.

ಒಂದು ಕೆಲಸ ಉಳಿದಿತ್ತು. ಇದೇ ಸುಳ್ಳನ್ನು ಹಿರೇಕೆರೂರಿನಲ್ಲಿರುವ ಅವಳ ಅಪ್ಪನಿಗೂ ಹೇಳಿದ್ದೆ. ಅವರೂ ಮಗಳನ್ನು ಬೈದಿದ್ದರು. ಸಂಜೆ ಆರಕ್ಕೆ ಫೋನ್ ಮಾಡಿ ಮೊದಲಿನಿಂದ ಹೇಳಿದೆ.

"ನನ್ನ ಮಗಳು ಅಲ್ಲೇ ಅದಾಳೇನ್ರಿ?" ಎಂದರು. "ಫೋನ್ ಅಕಿ ಕೈಗೆ ಕೊಡ್ರಿ."

ಕೊಟ್ಟೆ. ಬಾಗಿಲು ಎಳೆದುಕೊಂಡು ಹೊರಗೆ ಬಂದೆ.