ಬೀಗಿತಿಯನ್ನು ಚಿಕ್ಕಜಾಜೂರಿಗೆ ಕರೆದೊಯ್ದದ್ದು

ಮಗಳು ಗಂಗಮ್ಮನಿಗೆ ಮೂರನೆಯದು ಹೆಣ್ಣು ಹುಟ್ಟಿತು. ಬೆಣ್ಣೆಯಂಥ ಮೊಮ್ಮಗಳು! ಅದರ ಮುಖ ನೋಡುತ್ತ ಕುಳಿತರೆ ನನಗೆ ಊಟವೂ ಬೇಡ. ಆದರೆ ಹೆರಿಗೆಯಲ್ಲಿ ಮಗಳ ಜೀವ ಹೋಗಿ ಬಂದಿತ್ತು. ಇನ್ನೊಂದಾದರೆ ಉಳಿಯುವುದು ಕಷ್ಟ, ಇನ್ನು ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿ ಎಂದರು ಡಾಕ್ಟರು. ಮಗಳಿಗೂ ಅಳಿಯನಿಗೂ ಒಪ್ಪಿಗೆ. ಅಳಿಯನ ತಾಯಿಗೆ ಮಾತ್ರ ಇಲ್ಲ. ಬೀಗಿತಿಯನ್ನು ಒಪ್ಪಿಸಿಯೇ ಬರುವುದೆಂದು ಮಗುವಿಗೆ ಮುತ್ತಿಟ್ಟು, ಯಲ್ಲದಕೆರೆಯಲ್ಲಿ ಬೆಳಗಿನ ಬಸ್ಸು ಹತ್ತಿದೆ.

ಹೊಸದುರ್ಗದಲ್ಲಿ ಇಳಿದು ಬೀಗಿತಿಯ ಊರು ಬಾಗೂರು ತಲುಪುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಬೀಗಿತಿ ಮುದ್ದೆ, ಹುರುಳಿ ಸಾರು ಬಡಿಸಿದರು. ನಾನು ವಿಷಯ ಎತ್ತಿದ್ದೇ ತಡ, “ಬೇಡ್ರಿ. ಸೊಂಟ ಬಿದ್ದೋಗ್ತೈತೆ, ಒಂದು ಹುಲ್ಲಿನ ಹೊರೆ ಎತ್ತಾಕಾಗಲ್ಲ ಅಂತ ಕೇರಿಯೋರೆಲ್ಲ ಅಂತಾರೆ” ಎಂದರು.

“ಅವ್ರಲ್ಲಿ ಮಾಡಿಸ್ಕಂಡೋರು ಯಾರು?”

“ಯಾರೂ ಇಲ್ಲ.”

“ಹಂಗಾದ್ರೆ ಮಾಡಿಸ್ಕಂಡೋಳ ಹತ್ರನೇ ಹೋಗಾಣ. ಚಿಕ್ಕಜಾಜೂರಲ್ಲಿ ನಮ್ಮಕ್ಕನ ಸೊಸೆ ಸಾಕಮ್ಮ ಇದಾಳೆ.”

ಮರುದಿನ ಹೊಳಲ್ಕೆರೆಗೆ ಬಸ್ಸು, ಅಲ್ಲಿಂದ ರೈಲು. ಬೀಗಿತಿ ಮನಸ್ಸು ಬದಲಿಸುವ ಮೊದಲೇ ಟಿಕೆಟ್ ತೆಗೆದೆ. ಇಂಜಿನ್ನಿನ ಮಸಿಯೆಲ್ಲ ನಮ್ಮ ಸೀರೆಯ ಮೇಲೆ.

ಸಾಕಮ್ಮ ಹಿತ್ತಿಲಲ್ಲಿ ಸೌದೆ ಒಡೆಯುತ್ತಿದ್ದಳು. “ಬರ್ರಿ ಚಿಕ್ಕತ್ತೆ, ಕುಂತ್ಕಳ್ರಿ” ಎಂದು ಕೊಡಲಿ ಕೆಳಗಿಟ್ಟಳು. ಕೊಟ್ಟ ನೀರನ್ನೂ ಕುಡಿಯದೆ ಬೀಗಿತಿ, “ಎಲ್ಲಿ ಕೊಯ್ದ್ರಮ್ಮ? ತೋರ್ಸು” ಎಂದರು. ಸಾಕಮ್ಮ ನಗುತ್ತ ಬಾಗಿಲು ಹಾಕಿ ತೋರಿಸಿದಳು. ಬೆರಳುದ್ದದ ಗೆರೆ.

ಆದರೂ ಬೀಗಿತಿಗೆ ನಂಬಿಕೆಯಿಲ್ಲ. ಪಕ್ಕದ ಮನೆಯಾಕೆಯನ್ನು ಕರೆದು, “ಇವಳು ನೆಂಟಸ್ತಿಕೆಗೆ ಹೇಳ್ತಾಳೆ. ನೀನು ನಿಜ ಹೇಳವ್ವ” ಎಂದರು.

“ಇವಳು ಕೊಡಲಿ ಬೀಸೋದು ನೋಡೇ ನಾನೂ ಮಾಡಿಸ್ಕಂಡೆ. ನಿಮಗೂ ಮಾಡಿಸ್ಬೇಕಾ ಅಜ್ಜಿ?”

ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಬೀಗಿತಿಯೂ ನಕ್ಕರು.

ಸಾಕಮ್ಮ ಮಾತ್ರ ಏನೂ ಮುಚ್ಚಿಡಲಿಲ್ಲ. “ಮೊದಲು ಮೂರು ತಿಂಗಳು ಭಾರ ಎತ್ತಬಾರ್ದು ಅಂದಿದ್ರು. ನಾನು ಎತ್ತಲಿಲ್ಲ.”

“ಮತ್ತೆ ನೀರು ಯಾರು ಹೊತ್ರು?” ಎಂದರು ಬೀಗಿತಿ.

“ನಮ್ಮತ್ತೆ ಹೊತ್ರು.”

ಬೀಗಿತಿಯ ನಗು ಅಲ್ಲಿಗೇ ನಿಂತಿತು. ವಾಪಸು ಬರುವಾಗ ರೈಲಿನಲ್ಲೂ ಬಸ್ಸಿನಲ್ಲೂ ಬೆರಳು ಮಡಚಿ ಏನೋ ಲೆಕ್ಕ ಹಾಕುತ್ತಿದ್ದರು. ಇವರು ಒಪ್ಪದಿದ್ದರೆ ಮಗಳನ್ನು ಗಂಡನ ಮನೆಗೆ ಕಳುಹಿಸುವುದೇ ಇಲ್ಲ ಎಂದು ನಾನು ಗಟ್ಟಿ ಮಾಡಿಕೊಂಡೆ. ಹೊಸದುರ್ಗದಲ್ಲಿ ನಮ್ಮೂರ ಬಸ್ಸು ಹತ್ತಿ ಕುಳಿತಾಗ ಬೀಗಿತಿ ಕಿಟಕಿಯ ಬಳಿ ಬಂದರು.

“ಗಂಗಮ್ಮಂಗೆ ಹೇಳ್ರಿ, ಆಸ್ಪತ್ರೆಗೆ ನಾನೇ ಬಂದು ಕೂರ್ತೀನಿ. ಮೂರು ತಿಂಗಳು ಅವಳು ಕೊಡ ಮುಟ್ಟಂಗಿಲ್ಲ. ನೀರು ನಾನು ಹೊರ್ತೀನಿ.”

ಅಷ್ಟರಲ್ಲಿ ಬಸ್ಸು ಹೊರಟಿತು. ತಿರುಗಿ ನೋಡಿದರೆ, ಬೀಗಿತಿ ಬಾಗೂರಿನ ಇಬ್ಬರು ಹೆಂಗಸರನ್ನು ಅಡ್ಡಗಟ್ಟಿ ಆಗಲೇ ಶುರು ಮಾಡಿದ್ದರು: “ನಿಮಗೇನು ಗೊತ್ತೈತೆ? ನಾನು ನೋಡ್ಕಂಡು ಬಂದೀನಿ!”